ಸೊಟ್ಟ ಗದ್ದೆ ಅಳೆದು ಸಮಪಾಲು ಮಾಡುವ ಲೆಕ್ಕ

ನಾಲ್ಕೂ ಬದು ಬೇರೆ ಬೇರೆ ಉದ್ದವಿರುವ ಗದ್ದೆಗೆ ಎದುರುಬದುರು ಬದುಗಳ ಸರಾಸರಿ ತೆಗೆದು ಗುಣಿಸುವ ರೂಢಿ ಮಂಡ್ಯ ಸೀಮೆಯಲ್ಲಿ ಇನ್ನೂ ಇದೆ. ಆಯತ ಬಿಟ್ಟು ಬೇರೆ ಯಾವ ಚತುರ್ಭುಜಕ್ಕೂ ಅದು ಹೆಚ್ಚೇ ತೋರಿಸುತ್ತದೆ. ನಷ್ಟ ಯಾವಾಗಲೂ ಕೊಳ್ಳುವವನಿಗೆ.

ಮೂಲೆಗಳಿಗೆ ಸುತ್ತಿನಲ್ಲಿ ಕ, ಖ, ಗ, ಘ ಎಂದು ಹೆಸರಿಡಿ. ಕಖ 130, ಖಗ 140, ಗಘ 120, ಘಕ 90 ಅಡಿ ಬಂತೆನ್ನಿ. ಇಷ್ಟೇ ಸಾಲದು: ನಾಲ್ಕು ಕಡ್ಡಿ ಜೋಡಿಸಿದ ಚೌಕಟ್ಟು ವಾಲಿದಂತೆ, ಅದೇ ಬದುಗಳಿಗೆ ವಿಸ್ತೀರ್ಣ ಬದಲಾಗುತ್ತದೆ. ಕರ್ಣ ಕಗ ಅಳೆಯಲೇಬೇಕು. ಇಲ್ಲಿ 150 ಅಡಿ. ಕಬ್ಬು ನಿಂತಿದ್ದರೆ ಟೇಪು ನೇರ ಹೋಗದು, ಕಟಾವು ಮುಗಿಯಲಿ. ಟೇಪು ಜೋತುಬಿದ್ದರೂ ಅಳತೆ ಹೆಚ್ಚು ಬರುತ್ತದೆ.

ಈಗ ಎರಡು ತ್ರಿಭುಜಗಳಾದವು. 9ನೇ ತರಗತಿಯ ಹೆರಾನನ ಸೂತ್ರ ಹಾಕಿ.

ಕಖಗ: ಅರ್ಧ ಸುತ್ತಳತೆ (130+140+150)÷2 = 210. ಅದರಿಂದ ಒಂದೊಂದೇ ಬದು ಕಳೆದರೆ 80, 70, 60. 210×80×70×60ರ ವರ್ಗಮೂಲ 8,400 ಚದರಡಿ.

ಕಗಘ: ಅರ್ಧ ಸುತ್ತಳತೆ 180, 180×90×60×30ರ ವರ್ಗಮೂಲ 5,400.

ಹೆಚ್ಚಿನವರು ತಪ್ಪುವುದು ಸುತ್ತಳತೆಯನ್ನು ಅರ್ಧ ಮಾಡಲು ಮರೆತು. ಕಳೆದಾಗ ಸೊನ್ನೆಯೋ ಋಣ ಸಂಖ್ಯೆಯೋ ಬಂದರೆ ತಪ್ಪು ಸೂತ್ರದ್ದಲ್ಲ, ಟೇಪಿನದು; ಮತ್ತೆ ಅಳೆಯಿರಿ.

ಒಟ್ಟು 13,800 ಚದರಡಿ. ಗುಂಟೆಗೆ 33×33 = 1,089 ಚದರಡಿ, 16 ಆಣೆ. ಭಾಗಿಸಿದರೆ 12.67, ಅಂದರೆ 12 ಗುಂಟೆ 10¾ ಆಣೆ. (.67 ಅಂದರೆ 67 ಆಣೆಯಲ್ಲ, 16ರಿಂದ ಗುಣಿಸಬೇಕು.) ಸರಾಸರಿ ಲೆಕ್ಕದಲ್ಲಿ 125×115 = 14,375. ಅರ್ಧ ಗುಂಟೆಗೂ ಮಿಕ್ಕಿ ಗಾಳಿಗದ್ದೆ!

ಅಣ್ಣತಮ್ಮಂದಿರಿಗೆ ಸಮಪಾಲು ಅಂದರೆ ತಲಾ 6,900. ಕಗಘದಲ್ಲಿ 5,400 ಇದೆ, 1,500 ಕಡಿಮೆ. ಅದನ್ನು ಕಖಗದಿಂದ ಕತ್ತರಿಸಬೇಕು. ಗ ಮೂಲೆಯಿಂದ ಖ ಕಡೆಗೆ x ಅಡಿ ನಡೆದು ಗೂಟ ಹೊಡೆದು, ಅಲ್ಲಿಂದ ಕ ಮೂಲೆಗೆ ದಾರ ಎಳೆಯುವುದೆಂದು ಇಟ್ಟುಕೊಳ್ಳಿ. ದಾರದ ಎರಡೂ ಪಕ್ಕದ ತ್ರಿಭುಜಗಳ ಎತ್ತರ ಒಂದೇ, ಹಾಗಾಗಿ ವಿಸ್ತೀರ್ಣ ಪಾದದ ಅನುಪಾತದಲ್ಲೇ ಒಡೆಯುತ್ತದೆ. 140 ಅಡಿಗೆ 8,400 ಆದರೆ ಅಡಿಗೆ 60:

60x = 1,500
x = 25 ಅಡಿ

ಹೀಗೆ ಕತ್ತರಿಸಿದರೆ ಒಬ್ಬರ ಪಾಲಿಗೆ ನೀರು ಹಾಯದೆ ಹೋಗಬಹುದು. ಆಗ ದಾರವನ್ನು ಗ ಮೂಲೆಯಿಂದ ಎಳೆಯಿರಿ, ಗೂಟ ಕಖ ಬದುವಿನ ಮೇಲೆ ಬರಲಿ: 8,400x ÷ 130 = 1,500, ಅಂದರೆ ಕ ಮೂಲೆಯಿಂದ 23 ಅಡಿ 2½ ಇಂಚು. ಖಾತೆ ಬೇರೆ ಮಾಡಿಸುವುದಿದ್ದರೆ ಸರ್ವೆಯವರಿಂದ ಪೋಡಿ (ಜಮೀನನ್ನು ಅಳೆದು ದಾಖಲೆಯಲ್ಲೇ ಬೇರೆ ಬೇರೆ ಭಾಗ ಮಾಡುವುದು) ಆಗಲೇಬೇಕು. ಈ ಗೂಟ ಮನೆಯೊಳಗಿನ ಒಪ್ಪಂದಕ್ಕೆ ಮಾತ್ರ.