ಹುಣಸೆಬೀಜದ ಚೀನಾ: ಎಂಟನೇ ಸುತ್ತಿಗೆ ಲೆಕ್ಕ ಕೂಡಿತು

"ಬೀಜ ಎಣಿಸಿ ಚೀನಾ ಕಲಸ್ತೀರೇನ್ರಿ?" ಅಂತ ಸ್ಟಾಫ್ ರೂಮಿನಲ್ಲಿ ಕೇಳಿದ್ದರು. ಚೀನಾದ ಜನಸಂಖ್ಯೆ ಹೇಗೆ ಬದಲಾಯಿತೆಂದು ಬೀಜ ಎಣಿಸಿ ತೋರಿಸುವ ಆಟ ಇದು. ಮೂರು ವರ್ಷ ಕೈಕೊಟ್ಟದ್ದು ಈ ಸಲ ಗೆದ್ದಿದೆ. ಧಾರವಾಡದ ನಮ್ಮ ಪಿಯು ಹುಡುಗರು ಈಗ ಜನಸಂಖ್ಯೆ ಪಾಠವನ್ನು ಪುಸ್ತಕ ಮುಚ್ಚಿಟ್ಟು ಹೇಳುತ್ತಾರೆ.

ಒಂದು ಬೀಜ ಅಂದರೆ ಹತ್ತು ಲಕ್ಷ ಜನ. 1982ರ ಚೀನಾ ಜನಗಣತಿಗೆ 1,008 ಬೀಜ, ಅದರಲ್ಲಿ ಮೂರನೇ ಒಂದು ಪಾಲು 15ರೊಳಗಿನವರು. ಐದು ವರ್ಷದ ವಯಸ್ಸಿಗೊಂದು ಬಟ್ಟಲು. ಒಂದು ಸುತ್ತು ಅಂದರೆ ಐದು ವರ್ಷ. ಸುತ್ತಿಗೊಮ್ಮೆ ಎಲ್ಲರೂ ಒಂದೊಂದು ಬಟ್ಟಲು ಮುಂದೆ, ಹುಟ್ಟಿದವರಿಗೆ ಮೊದಲ ಬಟ್ಟಲಲ್ಲಿ ಹೊಸ ಬೀಜ, ಸತ್ತವರ ಬೀಜ ಹೊರಗೆ.

ಮೊದಲ ವರ್ಷ ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಯಿಂದ ಮಣಿ ತಂದೆ, ಆರುನೂರು ಚಿಲ್ಲರೆ ರೂಪಾಯಿ ಹೋಯಿತು. ಅರ್ಧ ಉರುಳಿ ಬೆಂಚಿನಡಿ ಸೇರಿದವು. ಮರುವರ್ಷ ಜೋಳ, ಶ್ರಾವಣಕ್ಕೆ ನುಸಿ ಬಿತ್ತು. ಈಗ ಹೆಣ್ಣಿಗೆ ಹುಣಸೆಬೀಜ, ಗಂಡಿಗೆ ಸೀತಾಫಲದ ಬೀಜ. ಇದಕ್ಕೆ ಖರ್ಚಿಲ್ಲ. ಬಟ್ಟಲು ಸೇರಿ ಒಟ್ಟು ಒಂದೂವರೆ ಸಾವಿರ ನನ್ನ ಕಿಸೆಯಿಂದಲೇ.

ನಿಜವಾದ ಸೋಲು ಬೇರೆ ಇತ್ತು. ಚೀನಾ ಸರ್ಕಾರದ 'ಒಂದೇ ಮಗು' ನಿಯಮದ ಮಾತನ್ನು ಹಾಗೇ ನಂಬಿ ತಾಯಿಗೊಂದೇ ಬೀಜ ಹಾಕಿಸಿದೆ. 2002ರ ಸುತ್ತಿಗೇ ಒಟ್ಟು ಇಳಿಯತೊಡಗಿತು! ಚೀನಾ ಇಳಿದದ್ದು 2022ರಲ್ಲಿ, 141 ಕೋಟಿ ಮುಟ್ಟಿದ ಮೇಲೆ. ತಪ್ಪು ಹುಡುಕಲು ಎರಡು ದಸರಾ ರಜೆ ಹಿಡಿಯಿತು. 1984ರ ಹೊತ್ತಿಗೆ ಹಳ್ಳಿಗಳಲ್ಲಿ ಮೊದಲದು ಹೆಣ್ಣಾದರೆ ಎರಡನೆಯದಕ್ಕೆ ಅನುಮತಿ ಕೊಡಲು ಶುರುಮಾಡಿದ್ದರು. ಅದನ್ನು ಸೇರಿಸಿದೆ. 1982ರ ಎಳೆಯರೆಲ್ಲ ತಾಯಂದಿರಾಗುತ್ತಾ ಬಂದಂತೆ, ಮಕ್ಕಳು ಕಡಿಮೆಯಾದರೂ ಒಟ್ಟು ಏರುತ್ತಲೇ ಹೋಯಿತು. ಎಂಟನೇ ಸುತ್ತಿಗೆ, ಅಂದರೆ 2022ಕ್ಕೆ, 1,390 ಬೀಜದ ಆಸುಪಾಸು ನಿಂತಿತು. ಕೈಲೆಕ್ಕಕ್ಕೆ ಇಷ್ಟು ಹತ್ತಿರ ಯಾರು ಬಂದಿದ್ದಾರೆ? ಮುದುಕರ ಬಟ್ಟಲಿನಿಂದ ಎಷ್ಟು ತೆಗೆಯಬೇಕೆಂಬ ನನ್ನ ಕೋಷ್ಟಕ ಮಾತ್ರ ಇಲ್ಲಿ ಬಿಚ್ಚುವುದಿಲ್ಲ. ಬೇಕಾದವರು ತರಗತಿಗೆ ಬನ್ನಿ.

ಮನಸ್ಸು ಕಲಕಿದ್ದು ಎರಡು ಬಣ್ಣದ ಲೆಕ್ಕ. 2000ದ ದಶಕದಲ್ಲಿ ಹುಟ್ಟುವ ನೂರು ಹೆಣ್ಣಿಗೆ 118ರಷ್ಟು ಗಂಡು ಹಾಕಬೇಕು. ಹಾಕುವಾಗ ಹುಡುಗಿಯರ ಸಾಲು ಸುಮ್ಮನಾಯಿತು. 2016ಕ್ಕೆ ಎರಡು ಮಗು, 2021ಕ್ಕೆ ಮೂರು ಎಂದು ಸಡಿಲಿಸಿದಾಗ ಒಬ್ಬಳು ತಾಯಂದಿರ ಬಟ್ಟಲು ಎತ್ತಿ ತೋರಿಸಿ, "ಇದರಾಗ ಬೀಜನ ಇಲ್ಲಲ್ರಿ ಸರ" ಅಂದಳು.

ನಿಯಮವೊಂದೇ ಎಲ್ಲ ಮಾಡಿತು ಅನ್ನಲೂ ಆಗದು. ತಾಯಿಗೆ ಸುಮಾರು ಆರಿದ್ದ ಮಕ್ಕಳು 1970ರ ದಶಕದಲ್ಲೇ, ನಿಯಮಕ್ಕೆ ಮೊದಲೇ, ಮೂರಕ್ಕಿಂತ ಕೆಳಗಿಳಿದಿದ್ದವು. ಮನೆಮನೆಯ ಲೆಕ್ಕ ತರಲು ಮಕ್ಕಳಿಗೆ ಹೇಳಿದೆ: ಅಜ್ಜಿಗೆ ಆರೇಳು, ಅವ್ವನಿಗೆ ಎರಡು. ಇಂಥ ಕಾನೂನಿಲ್ಲದ ಕರ್ನಾಟಕದ ಸರಾಸರಿ 2019-21ರ ಸಮೀಕ್ಷೆಯಲ್ಲೇ 1.7. ಅದರ ಬಟ್ಟಲು ಮುಂದಿನ ವಾರ ಹಾಕುತ್ತೇವೆ. ಇನ್ನೊಂದು ಸೇರು ಹುಣಸೆಬೀಜ ಬೇಕಾಗಿದೆ.