80 ರೂಪಾಯಿಯ ಕಪ್ಪೆ

ನಮ್ಮ ಪ್ರಾಣಿಶಾಸ್ತ್ರ ಪ್ರಾಕ್ಟಿಕಲ್‌ನಲ್ಲಿ ಮೇಣದ ಟ್ರೇ, ಕತ್ತರಿ, ಚಿಮಟ ಎಲ್ಲ ಹಳೆಯವೇ. ಕೊಯ್ಯುವ ಕಪ್ಪೆ ಮಾತ್ರ ರಬ್ಬರಿನದು, ನಾನೇ ಮಾಡಿದ್ದು. "ಗೊಂಬೆ ಕೊಯ್ದರೆ ಕೈ ಪಳಗುತ್ತದೇನ್ರೀ?" ಎಂದು ನಕ್ಕಿದ್ದ ಎಕ್ಸ್‌ಟರ್ನಲ್‌ಗಳಲ್ಲೇ (ಬೇರೆ ಕಾಲೇಜಿನಿಂದ ಬರುವ ಪರೀಕ್ಷಕರಲ್ಲೇ) ಇಬ್ಬರು ಈಗ ತಮ್ಮ ಕಾಲೇಜಿಗೂ ಎರಡು ಡಜನ್ ಕೇಳಿದ್ದಾರೆ. ಆದ್ದರಿಂದ ಅದನ್ನು ಮಾಡುವ ಬಗೆ ಹೇಳುವ ಈ ಬರಹ.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2011ರಲ್ಲಿ ಪ್ರಾಣಿ ಛೇದನ ಕಡಿಮೆ ಮಾಡಿ ಎಂದಿತು, 2014ರಲ್ಲಿ ಪೂರ್ತಿ ನಿಲ್ಲಿಸಿ ಎಂದಿತು. ಕಪ್ಪೆ ಹೋದ ಜಾಗಕ್ಕೆ ಬಹಳ ಕಡೆ ಬಂದದ್ದು ಗೋಡೆಯ ಚಾರ್ಟು. ಕೈಗೆ ಕೆಲಸವಿಲ್ಲ, ರೆಕಾರ್ಡ್ ಬುಕ್ಕಿಗೆ ಸೀನಿಯರ್‌ಗಳ ಚಿತ್ರದ ನಕಲು. ಪ್ರಾಣಿಹಿಂಸೆ ತಡೆ ಕಾಯ್ದೆಯ 17ನೇ ಕಲಮಿನಲ್ಲಿ, ಬರೀ ಕೈಚಳಕ ಗಳಿಸಲು ಪ್ರಾಣಿಯ ಮೇಲೆ ಪ್ರಯೋಗ ಆದಷ್ಟೂ ಕೂಡದು ಎಂಬ ಮಾತು 1960ರಿಂದಲೇ ಇದೆ. ಅಂದರೆ 'ಕೈ ಪಳಗಬೇಕು' ಎನ್ನುವ ವಾದಕ್ಕೆ ಕಾನೂನು ಆಗಲೇ ಉತ್ತರ ಕೊಟ್ಟಿದೆ. ಆದರೆ ಸ್ಟಾಫ್ ರೂಮಿನಲ್ಲಿ ಕಲಮು ಓದಿ ಯಾರನ್ನೂ ಒಪ್ಪಿಸಲಾಗದು. ಟ್ರೇ ಮುಂದಿಡಬೇಕು.

ಸಾಫ್ಟ್‌ವೇರ್ ಸಾಲದೇ ಎಂದರೆ, ಫಾರ್ಮಕಾಲಜಿಗೆ (ಔಷಧಶಾಸ್ತ್ರಕ್ಕೆ) ಸಾಕು. ಪುದುಚೇರಿಯ ವೈದ್ಯಕೀಯ ಸಂಸ್ಥೆ ಜಿಪ್ಮರ್‌ನಲ್ಲಿ ಡಾ. ರವೀಂದ್ರನ್ ರೂಪಿಸಿದ ಎಕ್ಸ್‌ಫಾರ್ಮ್ ಎಂಬ ಸಾಫ್ಟ್‌ವೇರ್ ಇದೆ. ಅದರ ಪರೀಕ್ಷಾ ವಿಭಾಗದಲ್ಲಿ ಗೊತ್ತಿಲ್ಲದ ಔಷಧವನ್ನು ಹುಡುಕಿಸಬಹುದು, ಬಾಯಿಪಾಠ ನಡೆಯದು. ಪ್ರಾಣಿಶಾಸ್ತ್ರದ ಕಥೆ ಬೇರೆ. ಮೌಸ್ ಎಳೆದರೆ ಚರ್ಮ ತೆರೆದುಕೊಳ್ಳುತ್ತದೆ, ತಪ್ಪು ಮಾಡಲು ಅವಕಾಶವೇ ಇಲ್ಲ. ತಪ್ಪಿಗೆ ಶಿಕ್ಷೆಯಿಲ್ಲದ ಮಾದರಿಯಿಂದ ಯಾರೂ ಕಲಿಯುವುದಿಲ್ಲ. ನನ್ನ ಕಪ್ಪೆ ನಿಂತಿರುವುದೇ ಇದರ ಮೇಲೆ.

ಚರ್ಮಕ್ಕೆ ಸುಳ್ಯ, ಪುತ್ತೂರು ಕಡೆಯ ರಬ್ಬರ್ ಲ್ಯಾಟೆಕ್ಸ್ (ರಬ್ಬರ್ ಮರದ ಹಾಲು), ಶೇ 60 ರಬ್ಬರ್ ಅಂಶದ್ದು. ಆಗ ಕೆಜಿಗೆ 250 ರೂಪಾಯಿ ಆಸುಪಾಸು ಬಿದ್ದಿತ್ತು. ಜೇಡಿಮಣ್ಣಿನ ಕಪ್ಪೆಯಿಂದ ಎರಡು ಹೋಳಿನ ಪ್ಲಾಸ್ಟರ್ ಅಚ್ಚು ತೆಗೆದು, ಒಳಗೆ ಲ್ಯಾಟೆಕ್ಸ್ ತುಂಬಿ, 12–15 ನಿಮಿಷ ಬಿಟ್ಟು ಸುರಿದುಬಿಡಿ. ಪ್ಲಾಸ್ಟರ್ ನೀರು ಹೀರಿಕೊಳ್ಳುತ್ತದೆ, ಗೋಡೆಗೆ ಒಂದೂವರೆ ಮಿಲಿಮೀಟರ್ ಪದರ ನಿಲ್ಲುತ್ತದೆ. ಅಚ್ಚಿಗೆ ವ್ಯಾಸಲೀನ್, ಸೋಪು ಸವರಿದಿರೋ, ನೀರು ಹೀರದು, ಪದರ ಕೂರದು. ಹಸಿ ಅಚ್ಚೂ ಅಷ್ಟೇ. ಮಲೆನಾಡಿನ ಜುಲೈನಲ್ಲಿ ಅಚ್ಚು ವಾರವಾದರೂ ಒಣಗಲಿಲ್ಲ, ಒಂಬತ್ತು ಕಪ್ಪೆ ಕಸಕ್ಕೆ ಹೋದವು. ಲ್ಯಾಟೆಕ್ಸನ್ನು ಅಲ್ಲಾಡಿಸಬೇಡಿ. ಗುಳ್ಳೆಯೆದ್ದರೆ ಚರ್ಮದಲ್ಲಿ ಸೂಜಿತೂತು ಗ್ಯಾರಂಟಿ. ತೆಳು ಪಂಚೆಯಲ್ಲಿ ಸೋಸಿ ಸುರಿಯಿರಿ. ನಿಜ ಚರ್ಮದಂತೆ ಸ್ನಾಯುವಿನಿಂದ ಸಡಿಲವಾಗಿ ಬಿಟ್ಟುಕೊಳ್ಳಲು ಒಳಮೈಗೆ ಇನ್ನೊಂದು ಸಾಮಾನು ಸವರುತ್ತೇನೆ, ಕಿರಾಣಿ ಅಂಗಡಿಯದೇ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಮೊದಲು ಕೈ ಸುಟ್ಟದ್ದು ಅಂಗಗಳಲ್ಲಿ. ಪ್ಲಾಟಿನಂ ಬಗೆಯ ಸಿಲಿಕೋನ್ ತರಿಸಿ ಲ್ಯಾಟೆಕ್ಸ್ ಮೇಲೇ ಎರಕ ಹೊಯ್ದೆ. ಮೂರು ದಿನವಾದರೂ ಜೇನಿನಂತೆ ಅಂಟಂಟು. ಲ್ಯಾಟೆಕ್ಸ್ ಆಗಲಿ, ಗಂಧಕ ಬೆರೆತ ಮಾಡೆಲಿಂಗ್ ಕ್ಲೇ ಆಗಲಿ ತಾಗಿದರೆ ಆ ಸಿಲಿಕೋನ್ ಗಟ್ಟಿಯಾಗುವುದಿಲ್ಲ. ಸುಮಾರು ನಾಲ್ಕು ಸಾವಿರ ರೂಪಾಯಿಯ ಪಾಠ. ಆಮೇಲೆ ಜೆಲಾಟಿನ್. ಕೊಯ್ಯಲು ಬಲು ಚೆಂದ, ಆದರೆ ರಾಯಚೂರಿನ ಏಪ್ರಿಲ್‌ಗೆ ಯಕೃತ್ತು ಸಾರಾಗಿ ಟ್ರೇ ತುಂಬ ಹರಿಯಿತು. ಅದೂ ಅಲ್ಲದೆ ಜೆಲಾಟಿನ್ ಬರುವುದು ಮೂಳೆ, ಚರ್ಮದಿಂದ! ಕಪ್ಪೆ ಉಳಿಸಲು ಹೋಗಿ ದನದ ಮೂಳೆ ಬೇಯಿಸಿದಂತಾಯಿತು. ಚೈನಾಗ್ರಾಸ್ ಒಂದೇ ಬಳಸಿದರೆ ಬರ್ಫಿಯಂತೆ ಪುಡಿಯಾಗುತ್ತದೆ.

ಕೊನೆಗೆ ಗೆದ್ದದ್ದು ಕ್ಯಾರಾಜೀನನ್ (ಕಡಲಪಾಚಿಯದು) ಮತ್ತು ಕೊಂಜಾಕ್ (ಒಂದು ಬಗೆಯ ಗೆಡ್ಡೆಯದು) ಪುಡಿಗಳ ಜೋಡಿ. ಲೀಟರ್ ನೀರಿಗೆ ಅಂದಾಜು 10 ಗ್ರಾಂ, 6 ಗ್ರಾಂ. ಗಂಟಾಗದಂತೆ ಎರಡನ್ನೂ ಮೊದಲು ಸಕ್ಕರೆಯಲ್ಲಿ ಒಣದಾಗಿಯೇ ಬೆರೆಸಿ, ತಣ್ಣೀರಿಗೆ ಉದುರಿಸಿ, ಕುದಿ ಬರುವವರೆಗೆ ತಿರುವಿ, ಬಿಸಿಯಾಗಿದ್ದಾಗಲೇ ಎರಕ ಹೊಯ್ಯಬೇಕು. ತಡಮಾಡಿದರೆ ಪಾತ್ರೆಯಲ್ಲೇ ಕೂತುಬಿಡುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಸಿಲಿಗೆ ಕರಗುವುದಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ಮಾಡಿದರೆ ಸಾಕು, ಮೂರನೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಯಕೃತ್ತಿಗೆ ಮೂರು ಹಾಲೆ, ಪಿತ್ತಕೋಶಕ್ಕೆ ಹಸಿರು, ಕೊಬ್ಬಿನಂಗಗಳಿಗೆ ಹಳದಿ. ಹೃದಯದ ಬೆನ್ನ ಹಿಂದಿನ ಸೈನಸ್ ವೆನೋಸಸ್ (ಅಭಿಧಮನಿಗಳ ರಕ್ತ ಬಂದು ಸೇರುವ ಚೀಲ) ಮರೆಯಬೇಡಿ, ಹೃತ್ಕುಕ್ಷಿ ಎತ್ತಿದರೆ ಮಾತ್ರ ಕಾಣಬೇಕು. ನರಗಳಿಗೆ ರೇಷ್ಮೆ ಎಳೆ ತುಂಬ ಚೆನ್ನಾಗಿ ಕೂತಿತ್ತು. ರಾಮನಗರದ ಗೂಡು ಕುದಿಸುವ ಬಾಂಡಲಿ ನೆನಪಾಗಿ ಪಾಲಿಯೆಸ್ಟರ್ ದಾರಕ್ಕೆ ಬಂದೆ.

ಈಗ ಅಸಲು ವಿಷಯ. ಕಪ್ಪೆ ಕೊಯ್ದವರಿಗೆಲ್ಲ ಗೊತ್ತು, ಹೊಟ್ಟೆಯ ಸ್ನಾಯುವಿನ ನಡುಗೆರೆಯ ಕೆಳಗೇ ಉದರದ ಅಭಿಧಮನಿ ಓಡುತ್ತದೆ. ಕತ್ತರಿಯನ್ನು ಪಕ್ಕಕ್ಕೆ ಹಿಡಿಯದಿದ್ದರೆ ಎಲ್ಲ ರಕ್ತಮಯ. ಆ ಅಭಿಧಮನಿಯನ್ನು ಮಾಡಲು ಸೈಕಲ್ ಕಡ್ಡಿಗೆ ಟಾಲ್ಕಂ ಪೌಡರ್ ಸವರಿ, ಲ್ಯಾಟೆಕ್ಸ್‌ನಲ್ಲಿ ಎರಡು ಸಲ ಅದ್ದಿ ಒಣಗಿಸಿ, ಕಾಲುಚೀಲ ಕಳಚಿದಂತೆ ಉರುಳಿಸಿ ತೆಗೆಯಿರಿ. ಎರಡು ಮಿಲಿಮೀಟರ್ ಕೊಳವೆ ಸಿದ್ಧ. ಸಿರಿಂಜಿನಲ್ಲಿ ಬಣ್ಣ ತುಂಬಿ, ಎರಡೂ ತುದಿ ಗಂಟು ಹಾಕಿ, ಬ್ಯಾಂಡೇಜ್ ಬಟ್ಟೆಯ ಮೇಲೆ ಹೊಯ್ದ ಮೂರು ಮಿಲಿಮೀಟರ್ ಸ್ನಾಯುಪದರದ ಅಡಿ ಅಂಟಿಸಿ. ನಡುವೆ ಕತ್ತರಿ ಹಾಕಿದವರ ಟ್ರೇ ಕೆಂಪಾಗುತ್ತದೆ. ಮೊದಲು ಅರಿಶಿನ-ಸುಣ್ಣದ ಓಕುಳಿ ತುಂಬಿದ್ದೆ, ಬಿಟ್ಟಿ ಬಣ್ಣ ಅಂತ. ಸುಣ್ಣದ ಕ್ಷಾರ ಇಳಿದ ಹಾಗೆ ಕೆಂಪು ಮತ್ತೆ ಹಳದಿಗೆ ತಿರುಗಿ, ಕಪ್ಪೆಗೆ ಕಾಮಾಲೆ ಹಿಡಿಯಿತು. ಈಗ ಅಡುಗೆಬಣ್ಣ, ಗ್ಲಿಸರಿನ್.

ಬೆನ್ನು ಕಾಯಂ, ಹೊಟ್ಟೆ ಬಾಡಿಗೆ. ಹೊಟ್ಟೆಯ ಚರ್ಮದ ತುಂಡನ್ನು ಅಂಚಿಗೆ ಲ್ಯಾಟೆಕ್ಸ್ ಸವರಿ ಪ್ರತಿ ಸಲ ಹೊಸದಾಗಿ ಅಂಟಿಸುತ್ತೇನೆ. ಆಗಿನ ಬೆಲೆಗೆ ಮೊದಲ ಸಲ ಕಪ್ಪೆಯೊಂದಕ್ಕೆ 80 ರೂಪಾಯಿ, ಆಮೇಲೆ ಪ್ರತಿ ಬಳಕೆಗೆ 20–22. ನನ್ನ ಕೂಲಿ ಲೆಕ್ಕಕ್ಕಿಲ್ಲ, ಹಾಕಿದರೆ ಯಾರೂ ಕೊಳ್ಳುವುದಿಲ್ಲ.

ಕಪ್ಪೆ ಸಿದ್ಧವಾದ ಮೇಲೂ ಕಾಗದದ ಕೆಲಸ ಬಾಕಿ. ಸಿಲಬಸ್ ಬದಲಿಸಿ ಎಂದು ಬೋರ್ಡ್ ಆಫ್ ಸ್ಟಡೀಸ್‌ಗೆ ಬರೆದರೆ ವರ್ಷಗಟ್ಟಲೆ ಕಾಯಬೇಕು. ಪ್ರಾಕ್ಟಿಕಲ್‌ನ ಅಂಕ ಹಂಚಿಕೆಯ ಒಂದೇ ಸಾಲು ತಿದ್ದಿ ಎಂದು ಕೇಳಿ. 15 ಅಂಕದಲ್ಲಿ ತೆರೆದು ತೋರಿಸಲು 6, ಅಂಗಗಳಿಗೆ ಹೆಸರಿನ ಬಾವುಟ ಚುಚ್ಚಿ ಗುರುತಿಸಲು 5, ಅಭಿಧಮನಿ ಉಳಿಸಿದ್ದಕ್ಕೆ 4. ಆ ನಾಲ್ಕು ಅಂಕ ನೋಡಿದ ಮೇಲೆ ಎಕ್ಸ್‌ಟರ್ನಲ್‌ಗಳು ತೆಪ್ಪಗಾದರು. ಇನ್ನೂ ಪ್ರಾಣಿ ಖರೀದಿಸುತ್ತಿರುವ ಗುಮಾನಿ ಇರುವ ಸರ್ಕಾರಿ ಕಾಲೇಜಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ನನ್ನ ಮೊದಲ ಎರಡು ಪುಟದ ಅರ್ಜಿ ಹಾಗೇ ವಾಪಸ್ ಬಂತು. 'ಯಾಕೆ ಕೊಯ್ಯುತ್ತೀರಿ' ಎಂದು ಕೇಳಬೇಡಿ, ಉತ್ತರ ಸಿಗದು. 'ಮೂರು ವರ್ಷದ ಸ್ಪೆಸಿಮನ್ ಸ್ಟಾಕ್ ರಿಜಿಸ್ಟರ್ ಮತ್ತು ಬಿಲ್‌ಗಳ ಪ್ರತಿ' ಎಂದಷ್ಟೇ ಕೇಳಿ.

ನಡುವೆ ಮೂಳೆಪಾಠಕ್ಕೂ ಪ್ರಾಣಿ ಕೊಲ್ಲದ ದಾರಿ ಹುಡುಕಿ, ಕಣಜಗೂಬೆ ತಿಂದು ಅರಗದೆ ಉಗುಳುವ ಮೂಳೆ-ರೋಮದ ಉಂಡೆಗಳ ಬೆನ್ನುಹತ್ತಿದ್ದೆ. ಹಳೆಯ ಗೋದಾಮಿನ ತೊಲೆಯ ಕೆಳಗೆ ಸಿಗುತ್ತವೆ. ಪ್ರೆಷರ್ ಕುಕ್ಕರಿನಲ್ಲಿ ಅರ್ಧ ಗಂಟೆ ಇಟ್ಟು (ಮನೆಯ ಕುಕ್ಕರ್ ಬೇಡ!) ಬಿಸಿನೀರಲ್ಲಿ ಬಿಡಿಸಿದರೆ ಇಡೀ ತಲೆಬುರುಡೆಗಳೇ ಬರುತ್ತವೆ. ಮುಂದಿನ ಹಲ್ಲಿಗೂ ದವಡೆಹಲ್ಲಿಗೂ ನಡುವೆ ಖಾಲಿ ಜಾಗ ಇದ್ದರೆ ಇಲಿ, ಹಲ್ಲು ಸಾಲಾಗಿದ್ದರೆ ಸೊಂಡಿಲಿ. ಪ್ಲಾಸ್ಟಿಕ್ ಅಸ್ಥಿಪಂಜರಕ್ಕಿಂತ ಇದಕ್ಕೇ ಮಕ್ಕಳು ಮುಗಿಬಿದ್ದರು.

ಕಪ್ಪೆಗಳನ್ನು ಎತ್ತಿಡುವ ಮುನ್ನ ಪಿನ್ನುಗಳನ್ನೆಲ್ಲ ಎಣಿಸಿ ತೆಗೆಯಿರಿ. ತಾಮ್ರ, ಹಿತ್ತಾಳೆ ತಾಗಿದ ಕಡೆ ರಬ್ಬರ್ ಕೊಳೆಯುತ್ತದೆ. ಸ್ಟೀಲ್ ಪಿನ್ನೇ ಇರಲಿ. ಪೌಡರ್ ಹಾಕಿ, ಬಿಸಿಲು ಬೀಳದ ಡಬ್ಬಿಯಲ್ಲಿಡಿ. ಲ್ಯಾಟೆಕ್ಸ್ ಅಲರ್ಜಿ ಇರುವವರಿಗೆ ನೈಟ್ರೈಲ್ ಗ್ಲೌಸ್ ಕೊಡಿ.