ಚಿಕ್ಕಮಗಳೂರಿನಲ್ಲೇ ಕುಳಿತು ಮೊಬೈಲ್ ಆ್ಯಪ್ ಮಾಡಲು ಎಷ್ಟು ದುಡ್ಡು ಬೇಕು?

ಆಲ್ದೂರಿನ ಆಚೆಗಿನ ಒಂದು ಕಾಫಿ ತೋಟದಲ್ಲಿ ಲೆಕ್ಕಪತ್ರ ನೋಡುವ ರೈಟರು ಪ್ರತಿ ಸಂಜೆ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ ತೆರೆದು, ನಲವತ್ತು ಆಳುಗಳ ಹಾಜರಿಯನ್ನೂ ಒಬ್ಬೊಬ್ಬರು ಕೊಯ್ದ ಹಣ್ಣಿನ ತೂಕವನ್ನೂ ಬರೆದಿಟ್ಟು, ಬಟವಾಡೆಯ ಹಿಂದಿನ ರಾತ್ರಿ ಕ್ಯಾಲ್ಕುಲೇಟರ್ ಹಿಡಿದು ಕೂಡುತ್ತ ಕೂರುತ್ತಿದ್ದರು. ಆ ಪುಸ್ತಕದ ಕೆಲಸವನ್ನು ಫೋನಿಗೆ ತಂದದ್ದೇ ನಾನು ಮಾಡಿದ ಮೊದಲ ಆ್ಯಪ್. ಕೆಲಸಕ್ಕೆ ಇಳಿಯುವ ಮುನ್ನ ವಿಚಾರಿಸಿದಾಗ ಒಬ್ಬರು ಎರಡು ಲಕ್ಷವಾದರೂ ಬೇಕೆಂದರು, ಇನ್ನೊಬ್ಬರು ಲ್ಯಾಪ್‌ಟಾಪ್ ಇದ್ದರೆ ಒಂದು ರೂಪಾಯಿಯೂ ಬೇಡವೆಂದರು. ಎರಡೂ ಸರಿಯಲ್ಲ. ಕೈಯಿಂದ ಹೋಗುವ ಹಣ ನಿಜಕ್ಕೂ ಕಡಿಮೆ, ಆದರೆ ಅದನ್ನು ಯಾವ ಹೊತ್ತಿಗೆ, ಯಾವುದರ ಮೇಲೆ ಹಾಕಬೇಕೆಂಬುದು ತಿಳಿಯದಿದ್ದರೆ ಬೇಡದ ಕಡೆ ಹೋಗುತ್ತದೆ. ಹಾಸನ, ಚಿಕ್ಕಮಗಳೂರು ಭಾಗದಲ್ಲಿ ಮನೆಯಲ್ಲಿದ್ದುಕೊಂಡು ಒಬ್ಬರೇ ಆರಂಭಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೆಕ್ಕವನ್ನು ಬರೆದಿದ್ದೇನೆ. ಡಾಲರಿಗೆ 90 ರೂಪಾಯಿ ಎಂದು ಹಿಡಿದಿದ್ದೇನೆ. ದರ ಬದಲಾದಂತೆ ನೀವೇ ತಿದ್ದಿಕೊಳ್ಳಿ.

ಮೊದಲು ಒಂದು ವಾರ ಖರ್ಚಿಲ್ಲದೆ

ಆ್ಯಪ್ ಬೇಕೇ ಎಂಬುದನ್ನು ತಿಳಿಯಲು ಹಣ ಬೇಕಿಲ್ಲ. ನೀವು ಯಾರಿಗಾಗಿ ಮಾಡುತ್ತಿದ್ದೀರೋ ಅವರ ಫೋನಿನಲ್ಲಿ ಗೂಗಲ್ ಶೀಟ್ಸ್ ಹಾಕಿಕೊಟ್ಟು, ಕಾಲಂಗಳಿಗೆ ಕನ್ನಡದಲ್ಲಿ ಹೆಸರಿಟ್ಟು, ಒಂದು ವಾರ ಅದರಲ್ಲೇ ಬರೆಯಲು ಹೇಳಿ. ನನ್ನ ರೈಟರು ಮೂರನೆಯ ದಿನಕ್ಕೆ ದೂರು ತಂದರು: ಕೈಗೆ ಕಾಫಿ ಹಣ್ಣಿನ ಅಂಟು ಮೆತ್ತಿಕೊಂಡಿರುವಾಗ ಅಷ್ಟು ಚಿಕ್ಕ ಚೌಕಗಳಲ್ಲಿ ಬೆರಳೂರಲು ಆಗುವುದಿಲ್ಲ, ಮೇಲಾಗಿ ತೂಕ ಹಾಕುವ ಜಾಗದಲ್ಲಿ ಸಿಗ್ನಲ್ ಸಿಗುವುದಿಲ್ಲ. ದೊಡ್ಡ ಬಟನ್‌ಗಳು ಬೇಕು, ನೆಟ್‌ವರ್ಕ್ ಇಲ್ಲದೆಯೂ ನಡೆಯಬೇಕು ಎಂಬ ಎರಡು ನಿಯಮಗಳು ನನಗೆ ಸಿಕ್ಕಿದ್ದು ಆ ದೂರಿನಿಂದಲೇ. ಶೀಟ್ಸ್‌ನಲ್ಲೇ ಕೆಲಸ ಸಾಗುತ್ತದೆಂದು ಅವರು ಹೇಳಿದ್ದರೆ ಆ್ಯಪ್ ಮಾಡುವ ಅಗತ್ಯವೇ ಇರುತ್ತಿರಲಿಲ್ಲ.

ಕಂಪ್ಯೂಟರಿನ ಖರ್ಚು

ಆಂಡ್ರಾಯ್ಡ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೊ ಸಂಪೂರ್ಣ ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಆದರೆ ಅದು ಹೊಟ್ಟೆಬಾಕ. 8 ಜಿಬಿ ರ್‍ಯಾಮ್ ಕನಿಷ್ಠ. ಕಂಪ್ಯೂಟರಿನೊಳಗೇ ಒಂದು ಫೋನನ್ನು ತೋರಿಸುವ ಎಮ್ಯುಲೇಟರನ್ನೂ ಓಡಿಸುವುದಾದರೆ 16 ಜಿಬಿ ಬೇಕು. ಕಾಲೇಜಿನ ದಿನಗಳ ಹಳೆಯ ಲ್ಯಾಪ್‌ಟಾಪ್ ನಿಮ್ಮಲ್ಲಿದ್ದು ಅದರಲ್ಲಿ ಇನ್ನೂ ಹಾರ್ಡ್‌ಡಿಸ್ಕ್ ಇದ್ದರೆ, ಬೇರೆಲ್ಲಕ್ಕಿಂತ ಮೊದಲು ಅದನ್ನು ತೆಗೆಸಿ ಅದಕ್ಕಿಂತ ವೇಗದ ಡಿಸ್ಕಾದ ಎಸ್‌ಎಸ್‌ಡಿ ಹಾಕಿಸಿ. ಹೊಸ ಲ್ಯಾಪ್‌ಟಾಪಿಗೆ ಸಾಲ ಮಾಡುವ ಮುನ್ನ ರ್‍ಯಾಮ್ ಏರಿಸಲು ಬರುತ್ತದೆಯೇ ಎಂದು ಊರಿನ ರಿಪೇರಿ ಅಂಗಡಿಯಲ್ಲಿ ಕೇಳಿ ನೋಡಿ; ಬಿಡಿಭಾಗಗಳ ಬೆಲೆ ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಎರಡು ಕಡೆ ದರ ವಿಚಾರಿಸುವುದು ಒಳ್ಳೆಯದು. ಏನೂ ಇಲ್ಲದವರು ಕಂಪನಿಗಳಲ್ಲಿ ಬಳಸಿ ಬಿಟ್ಟ, ಸರ್ವಿಸ್ ಮಾಡಿ ಮಾರುವ ಲ್ಯಾಪ್‌ಟಾಪನ್ನು ಸುಮಾರು 25ರಿಂದ 35 ಸಾವಿರದೊಳಗೆ ಹುಡುಕಬಹುದು. ಡೆಸ್ಕ್‌ಟಾಪ್ ಅಗ್ಗವಾಗಿ ಕಂಡರೂ ನಾನು ಲ್ಯಾಪ್‌ಟಾಪನ್ನೇ ಹೇಳುತ್ತೇನೆ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ಕರೆಂಟ್ ಹೋಗುವ ನಮ್ಮ ಕಡೆ ಬ್ಯಾಟರಿಯೇ ಯುಪಿಎಸ್.

ಎಮ್ಯುಲೇಟರ್ ಇಲ್ಲದೆಯೂ ಕೆಲಸ ನಡೆಯುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಎಂಬ ಸಾಲನ್ನು ಹುಡುಕಿ ಅದರ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ ಕೇಬಲ್ ಸಿಕ್ಕಿಸಿದರೆ ನೀವು ಬರೆದದ್ದು ನೇರವಾಗಿ ಫೋನಿನಲ್ಲೇ ಓಡುತ್ತದೆ. ಮನೆಯಲ್ಲಿ ಡ್ರಾಯರಿನೊಳಗೆ ಬಿದ್ದಿರುವ, ಗಾಜು ಸೀಳಿದ 2 ಜಿಬಿ ಫೋನನ್ನು ಎಸೆಯಬೇಡಿ. ತೋಟದವರ ಕೈಯಲ್ಲಿರುವುದೂ ಹೆಚ್ಚುಕಡಿಮೆ ಅಂಥದ್ದೇ ಫೋನು, ಅದರಲ್ಲಿ ಸರಾಗವಾಗಿ ನಡೆಯುವ ಆ್ಯಪ್ ಎಲ್ಲ ಕಡೆ ನಡೆಯುತ್ತದೆ.

ಸಲಕರಣೆಗಳನ್ನು ಮೊದಲ ಸಲ ಇಳಿಸಿಕೊಳ್ಳುವಾಗ ಹಲವು ಜಿಬಿ ಡೇಟಾ ಬೇಕಾಗುವುದರಿಂದ, ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಸಾಲದು. ಪೇಟೆಯಲ್ಲಿ ಫೈಬರ್ ಇರುವ ಸ್ನೇಹಿತರ ಮನೆಯಲ್ಲಿ ಒಂದು ದಿನ ಕುಳಿತು, ಒಂದು ಖಾಲಿ ಆ್ಯಪನ್ನು ಪೂರ್ತಿ ಬಿಲ್ಡ್ ಮಾಡಿ, ಎಂದರೆ ಕೋಡಿನಿಂದ ಫೋನಿನಲ್ಲಿ ಓಡುವ ಆ್ಯಪ್ ತಯಾರಿಸಿ, ನೋಡಿಕೊಂಡೇ ಊರಿಗೆ ಹೊರಡಿ.

ಮ್ಯಾಕ್ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಈಗ ಬೇಡ. ಐಫೋನ್ ಆ್ಯಪ್ ಮಾಡುವ ಎಕ್ಸ್‌ಕೋಡ್ ಮ್ಯಾಕ್‌ನಲ್ಲಿ ಮಾತ್ರ ನಡೆಯುತ್ತದೆ. 2024ರಲ್ಲಿ ಬಂದ ಎಂ4 ಮ್ಯಾಕ್ ಮಿನಿಯ ಆರಂಭದ ಬೆಲೆಯೇ 59,900 ರೂಪಾಯಿ ಇತ್ತು, ಅದಕ್ಕೆ ಮಾನಿಟರ್ ಬೇರೆ. ಅದರ ಮೇಲೆ ಆಪಲ್‌ನ ಡೆವಲಪರ್ ಸದಸ್ಯತ್ವಕ್ಕೆ ವರ್ಷ ವರ್ಷವೂ 99 ಡಾಲರ್, ಎಂದರೆ ಸುಮಾರು 8,900 ರೂಪಾಯಿ ಕಟ್ಟುತ್ತಲೇ ಇರಬೇಕು. ನಿಲ್ಲಿಸಿದರೆ ಆ್ಯಪ್ ಅಂಗಡಿಯಿಂದ ಇಳಿಯುತ್ತದೆ. ಐಫೋನ್ ಬಳಸುವ ಗಿರಾಕಿ ಹಣ ಕೊಟ್ಟು ಕೇಳುವವರೆಗೆ ಇದರ ಗೊಡವೆ ಬೇಡ. ಮುಂದೆ ಬೇಕಾಗಬಹುದೆಂಬ ಅಂದಾಜಿದ್ದರೆ, ಒಂದೇ ಕೋಡಿನಿಂದ ಎರಡಕ್ಕೂ ಆ್ಯಪ್ ಹೊರಡಿಸುವ ಫ್ಲಟರ್ ಅಥವಾ ರಿಯಾಕ್ಟ್ ನೇಟಿವ್ ಆರಿಸಿಕೊಳ್ಳಿ. ಬಿಲ್ಡ್ ಮಾಡುವಷ್ಟಕ್ಕೆ ದೂರದ ಮ್ಯಾಕನ್ನು ನಿಮಿಷದ ಲೆಕ್ಕದಲ್ಲಿ ಕೊಡುವ ಸೇವೆಗಳೂ ಇವೆ.

ಕಲಿಕೆಗೆ ಬೆಂಗಳೂರಿಗೆ ಹೋಗಬೇಕೆಂದಿಲ್ಲ. ಆಂಡ್ರಾಯ್ಡ್‌ನ ಅಧಿಕೃತ ತಾಣದಲ್ಲಿ ಕೋಟ್ಲಿನ್ ಭಾಷೆಯ ಪಾಠಗಳೂ, ಫ್ಲಟರ್ ತಾಣದಲ್ಲಿ ಡಾರ್ಟ್ ಭಾಷೆಯ ಪಾಠಗಳೂ ಉಚಿತವಾಗಿ, ಕ್ರಮವಾಗಿ ಸಿಗುತ್ತವೆ. ಕೋರ್ಸಿನ ಫೀಸಿಗಿಂತ ಪಿಜಿ ಬಾಡಿಗೆ ಮತ್ತು ಊಟದ ಖರ್ಚೇ ಹೆಚ್ಚಾಗುವುದನ್ನು ನನ್ನ ಜೊತೆಯವರಲ್ಲಿ ನೋಡಿದ್ದೇನೆ. ಒತ್ತಾಯಕ್ಕೊಬ್ಬರು ಬೇಕೆನಿಸುವವರಿಗೆ ಮಾತ್ರ ತರಗತಿ. ಮಿಕ್ಕವರಿಗೆ ದಿನಕ್ಕೆ ಎರಡು ಗಂಟೆಯಂತೆ ನಾಲ್ಕೈದು ತಿಂಗಳು ಸಾಕು.

25 ಡಾಲರ್ ಮತ್ತು 12 ಜನ

ಪ್ಲೇ ಅಂಗಡಿಗೆ ಆ್ಯಪ್ ಹಾಕಲು ಬೇಕಾದ ಗೂಗಲ್ ಪ್ಲೇ ಡೆವಲಪರ್ ಖಾತೆಗೆ ಒಮ್ಮೆ ಮಾತ್ರ ಕಟ್ಟುವ ಶುಲ್ಕ 25 ಡಾಲರ್. ರೂಪಾಯಿಯಲ್ಲಿ ಸುಮಾರು 2,250. ವಿದೇಶಿ ಪಾವತಿಗೆ ಬ್ಯಾಂಕು ಹಾಕುವ ಮಾರ್ಕಪ್ ಎಂಬ ಹೆಚ್ಚುವರಿ ಶುಲ್ಕ ಮತ್ತು ಅದರ ಮೇಲಿನ ತೆರಿಗೆ ಸೇರಿ ಇನ್ನೂ ನೂರರಷ್ಟು ಹೆಚ್ಚಾಗಬಹುದು. ಪ್ರೀಪೇಯ್ಡ್ ಕಾರ್ಡ್ ನಡೆಯುವುದಿಲ್ಲ. ರಿಸರ್ವ್ ಬ್ಯಾಂಕಿನ 2020ರ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಮೊದಲಿಗೆ ಮುಚ್ಚಿಯೇ ಬರುವುದರಿಂದ, ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ತೆರೆದು, ಹಣ ಕಟ್ಟಿ, ಮತ್ತೆ ಮುಚ್ಚಿಬಿಡಿ.

ಇಲ್ಲಿ ನಮ್ಮವರು ಎಡವುವುದು ಹೆಸರಿನಲ್ಲಿ. ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬಿಡಿಸಿ ಬರೆದ ತಂದೆಯ ಹೆಸರಾಗಿ ಇರುತ್ತದೆ. ಗುರುತಿನ ಚೀಟಿಯಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೆಯೇ ಖಾತೆಯಲ್ಲೂ ಪಾವತಿಯ ವಿವರದಲ್ಲೂ ಬರೆಯಿರಿ, ಏಕೆಂದರೆ ಗುರುತಿನ ದಾಖಲೆ ಒಪ್ಪಿಗೆಯಾಗದಿದ್ದರೆ ಕಟ್ಟಿದ ಶುಲ್ಕ ಹಿಂದಿರುಗುವುದಿಲ್ಲ. ಆ್ಯಪ್‌ನಿಂದ ಹಣ ಗಳಿಸುವ ಖಾತೆಯಾದರೆ ನಿಮ್ಮ ಪೂರ್ಣ ವಿಳಾಸವೂ ಪ್ಲೇ ಅಂಗಡಿಯಲ್ಲಿ ಕಾಣುತ್ತದೆ. ಮನೆಯ ವಿಳಾಸ ಕೊಡಲು ಹಿಂಜರಿಯುವವರು ಇದನ್ನು ಮೊದಲೇ ಯೋಚಿಸಬೇಕು.

2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಇನ್ನೊಂದು ಷರತ್ತಿದೆ. ಆ್ಯಪನ್ನು ಎಲ್ಲರಿಗೂ ಬಿಡುಗಡೆ ಮಾಡುವ ಮುನ್ನ ಕನಿಷ್ಠ 12 ಜನ ಪರೀಕ್ಷಕರು ಸತತ 14 ದಿನ ಅದರಲ್ಲಿ ಸೇರಿಕೊಂಡಿರಬೇಕು. ಮೊದಲು ಈ ಸಂಖ್ಯೆ 20 ಇತ್ತು. ನಾನು ಅಣ್ಣ, ಅತ್ತಿಗೆ, ಸೋದರಮಾವನ ಮಕ್ಕಳು, ರೈಟರು ಎಂದು ಎಣಿಸಿ ಸರಿಯಾಗಿ ಹನ್ನೆರಡು ಜನರನ್ನೇ ಸೇರಿಸಿದೆ. ಹತ್ತನೆಯ ದಿನ ಅವರಲ್ಲೊಬ್ಬ ಫೋನಿನಲ್ಲಿ ಜಾಗವಿಲ್ಲವೆಂದು ಆ್ಯಪ್ ತೆಗೆದು, ಪರೀಕ್ಷೆಯಿಂದಲೂ ಹೊರಬಂದುಬಿಟ್ಟ. ಎಣಿಕೆ ಮೊದಲಿನಿಂದ ಶುರುವಾಯಿತು. ಹದಿನೆಂಟು ಜನರನ್ನಾದರೂ ಸೇರಿಸಿಕೊಳ್ಳಿ. ಪರೀಕ್ಷಕರನ್ನು ದುಡ್ಡಿಗೆ ಒದಗಿಸುತ್ತೇವೆನ್ನುವವರು ಆನ್‌ಲೈನಿನಲ್ಲಿ ಸಿಗುತ್ತಾರೆ, ಆದರೆ ಎರಡು ಮದುವೆ ಮನೆಗೆ ಹೋಗಿ ಬಂದರೆ ಆಗುವ ಕೆಲಸಕ್ಕೆ ಹಣ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಒಂದೇ ತೋಟಕ್ಕಾಗಿ ಮಾಡುವ ಆ್ಯಪ್ ಆದರೆ, ನೂರು ಜನರವರೆಗೆ ಹಂಚಬಹುದಾದ ಇಂಟರ್ನಲ್ ಟೆಸ್ಟಿಂಗ್ ದಾರಿಯೇ ಸಾಕಾಗಬಹುದು. ಅದಕ್ಕೆ ಈ ಹದಿನಾಲ್ಕು ದಿನದ ಕಾಯುವಿಕೆ ಇಲ್ಲ.

ಸರ್ವರ್ ಎಂಬ ಮೀಟರು

ಹೊಸಬರು ಅತಿ ಹೆಚ್ಚು ಹೆದರುವುದೂ, ಹೆದರಬೇಕಾದದ್ದೂ ಇಲ್ಲೇ. ಫೋನಿನಲ್ಲಿ ಬರೆದದ್ದು ಪೇಟೆಯಲ್ಲಿರುವ ತೋಟದ ಧಣಿಗೂ ಕಾಣಬೇಕೆಂದರೆ ನಡುವೆ ಒಂದು ಸರ್ವರ್ ಬೇಕು. ನಾನು ಬಳಸಿದ್ದು ಗೂಗಲ್‌ನ ಫೈರ್‌ಬೇಸ್. ಅದರ ಉಚಿತ ಮಟ್ಟದಲ್ಲಿ ಫೈರ್‌ಸ್ಟೋರ್ ಎಂಬ ದತ್ತಾಂಶದ ಉಗ್ರಾಣ 1 ಜಿಬಿಯಷ್ಟು ಜಾಗವನ್ನೂ, ದಿನಕ್ಕೆ 50,000 ಓದುಗಳನ್ನೂ, 20,000 ಬರಹಗಳನ್ನೂ ಕೊಡುತ್ತದೆ. ಒಂದು ದಾಖಲೆಯನ್ನು ತರಿಸಿಕೊಂಡರೆ ಒಂದು ಓದು. ನಲವತ್ತು ಆಳುಗಳ ಪಟ್ಟಿಯನ್ನು ಒಮ್ಮೆ ತೆರೆದರೆ 40 ಓದು. ದಿನಕ್ಕೆ ಸಾವಿರ ಸಲ ತೆರೆದರೂ ಮಿತಿಯೊಳಗೇ ಇರುತ್ತೇವೆಂದು ಲೆಕ್ಕ ಹಾಕಿ ನಿಶ್ಚಿಂತನಾಗಿದ್ದೆ.

ಮೊದಲ ವರ್ಷ ಹಾಗೆಯೇ ನಡೆಯಿತು. ಮರುವರ್ಷದ ಅರೇಬಿಕಾ ಕೊಯ್ಲಿನ ಹೊತ್ತಿಗೆ, ಡಿಸೆಂಬರಿನ ಒಂದು ಬೆಳಿಗ್ಗೆ, ಆ್ಯಪ್ ಖಾಲಿ ಪಟ್ಟಿ ತೋರಿಸುತ್ತಿದೆಯೆಂದು ರೈಟರ ಫೋನ್ ಬಂತು. ನಾನು ಕೋಡ್ ತೆರೆದು ಹುಡುಕುತ್ತಿರುವಾಗಲೇ ಮಧ್ಯಾಹ್ನ ಒಂದೂವರೆಗೆ ಅದು ತಾನಾಗಿ ಸರಿಯಾಯಿತು. ಮರುದಿನವೂ ಅದೇ ಕಥೆ. ಆಮೇಲೆ ಗೊತ್ತಾದದ್ದು ಇಷ್ಟು: ಆಳೊಬ್ಬರಿಗೆ ದಿನಕ್ಕೊಂದರಂತೆ ದಾಖಲೆ ಇಟ್ಟಿದ್ದ ನಾನು, ತೆರೆದಾಗಲೆಲ್ಲ ಇಡೀ ವರ್ಷದ ಹಾಜರಿಯನ್ನು ತರಿಸುತ್ತಿದ್ದೆ. ನಲವತ್ತು ಆಳು, ಮುನ್ನೂರು ದಿನ, ಒಟ್ಟು 12,000 ಓದು. ಐದನೆಯ ಸಲ ತೆರೆಯುವಷ್ಟರಲ್ಲಿ ದಿನದ ಪಾಲು ಮುಗಿಯುತ್ತಿತ್ತು. ಒಮ್ಮೆ ತಂದದ್ದನ್ನು ಫೋನು ನೆನಪಿಟ್ಟುಕೊಳ್ಳುತ್ತದೆಯಾದರೂ, ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಸಂಪರ್ಕ ಕಡಿದು ಮತ್ತೆ ಸೇರಿದರೆ ಎಲ್ಲವನ್ನೂ ಹೊಸದಾಗಿಯೇ ಎಣಿಸಲಾಗುತ್ತದೆ; ಸಿಗ್ನಲ್ ಬಂದು ಹೋಗುವ ತೋಟದಲ್ಲಿ ಇದು ದಿನಕ್ಕೆ ಎಷ್ಟೋ ಸಲ ಆಗುತ್ತದೆ. ಪಾಲು ಹೊಸದಾಗುವುದು ಅಮೆರಿಕದ ಪಶ್ಚಿಮ ಕರಾವಳಿಯ ನಡುರಾತ್ರಿಗೆ, ಎಂದರೆ ಚಳಿಗಾಲದಲ್ಲಿ ನಮ್ಮ ಮಧ್ಯಾಹ್ನ ಒಂದೂವರೆಗೆ. ಒಂದು ದಿನಕ್ಕೆ ಒಂದೇ ದಾಖಲೆ ಮಾಡಿ, ನಲವತ್ತು ಹೆಸರುಗಳನ್ನೂ ಅದರೊಳಗೇ ಸೇರಿಸಿ, ನಡೆಯುತ್ತಿರುವ ವಾರವನ್ನಷ್ಟೇ ತರಿಸಿದಾಗ 12,000 ಓದು ಏಳಕ್ಕೆ ಇಳಿಯಿತು.

ಉಚಿತ ಮಟ್ಟದಲ್ಲಿದ್ದುದರಿಂದ ಆ್ಯಪ್ ನಿಂತಿತೇ ಹೊರತು ಬಿಲ್ ಬರಲಿಲ್ಲ. ಬಳಸಿದಷ್ಟಕ್ಕೆ ಹಣ ಕಟ್ಟುವ ಬ್ಲೇಜ್ ಯೋಜನೆಗೆ ಹೋದರೆ ಇದೇ ತಪ್ಪಿಗೆ ಬಿಲ್ ಏರುತ್ತದೆ, ಆ್ಯಪ್ ನಿಲ್ಲುವುದಿಲ್ಲ. ಅಲ್ಲಿ ಬಜೆಟ್ ಎಚ್ಚರಿಕೆ ಇಟ್ಟುಕೊಳ್ಳಿ, ಆದರೆ ಅದು ಮಿಂಚಂಚೆ ಕಳಿಸುತ್ತದೆಯೇ ವಿನಾ ಖರ್ಚನ್ನು ತಡೆಯುವುದಿಲ್ಲವೆಂಬುದನ್ನು ಮರೆಯಬೇಡಿ. ಫೋನಿಗೆ ಒಟಿಪಿ ಕಳಿಸಿ ಲಾಗಿನ್ ಮಾಡಿಸುವ ಆಸೆಯನ್ನೂ ಆರಂಭದಲ್ಲಿ ಬಿಡಿ. ಪ್ರತಿ ಎಸ್‌ಎಂಎಸ್‌ಗೂ ದುಡ್ಡು. ಗೂಗಲ್ ಖಾತೆಯಿಂದ ಒಮ್ಮೆ ಒಳಬಂದರೆ ಸಾಕು.

ಕನ್ನಡಕ್ಕೆ ತಗಲುವುದು

ಅಕ್ಷರಕ್ಕೆ ಹಣ ಬೇಡ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಮೊದಲಾದ ಫಾಂಟ್‌ಗಳು ಮುಕ್ತ ಪರವಾನಗಿಯಲ್ಲಿವೆ. ಆದರೆ ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಕತ್ತರಿಸಿದ ಬಟನ್ನಿನಲ್ಲಿ ‘ರದ್ದು’ ಎಂದು ಬರೆದರೆ ಕೆಳಗಿನ ಒತ್ತು ಅರ್ಧ ಮಾಯವಾಗುತ್ತದೆ. ಬಟನ್ನಿಗೆ ಎತ್ತರವನ್ನು ಕಟ್ಟಿಹಾಕದೆ, ಸಾಲಿನ ಅಂತರವನ್ನು ಹೆಚ್ಚಿಸಿ, ಹಳೆಯ ಫೋನಿನಲ್ಲಿ ಅಕ್ಷರದ ಗಾತ್ರವನ್ನು ದೊಡ್ಡದಾಗಿಟ್ಟು ನೋಡಿ. ನನಗೆ ಇದಕ್ಕೇ ಎರಡು ವಾರ ಹಿಡಿಯಿತು.

ವರ್ಷ ವರ್ಷದ ಖರ್ಚು

ಪ್ಲೇ ಅಂಗಡಿಗೆ ಗೌಪ್ಯತಾ ನೀತಿಯ ಪುಟವೊಂದು ಬೇಕು. ಅದನ್ನು ಗೂಗಲ್ ಸೈಟ್ಸ್‌ನಲ್ಲಿ ಉಚಿತವಾಗಿ ಇಡಬಹುದು. ಆಳುಗಳ ಹೆಸರು, ಕೂಲಿ, ಫೋನ್ ನಂಬರುಗಳನ್ನು ಸಂಗ್ರಹಿಸುವವರು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಒಮ್ಮೆ ಓದಿ, ಬೇಡದ ವಿವರವನ್ನು ಕೇಳದಿರುವುದು ಕ್ಷೇಮ. ಕಂಪನಿ ನೋಂದಣಿ ಆರಂಭಕ್ಕೆ ಬೇಕಿಲ್ಲ. ಸಣ್ಣ ಉದ್ದಿಮೆಗಳಿಗೆಂದು ಸರ್ಕಾರ ಮಾಡಿರುವ ಉದ್ಯಮ್ ನೋಂದಣಿ ಉಚಿತ. ಜಿಎಸ್‌ಟಿ ಸಾಮಾನ್ಯವಾಗಿ ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ದಾಟಿದ ಮೇಲಿನ ಮಾತು. ಆ್ಯಪ್‌ನೊಳಗೆ ಚಂದಾ ಮಾರಿದರೆ ಗೂಗಲ್ ನೂರಕ್ಕೆ 15ರಷ್ಟು ಹಿಡಿದುಕೊಳ್ಳುತ್ತದೆಂಬುದನ್ನು ದರ ನಿಗದಿ ಮಾಡುವಾಗಲೇ ಸೇರಿಸಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಆಗಸ್ಟ್ ತಿಂಗಳನ್ನು. ಆ್ಯಪ್‌ಗಳು ಇತ್ತೀಚಿನ ಆಂಡ್ರಾಯ್ಡ್‌ಗೆ ಹೊಂದಿಕೊಂಡಿರಬೇಕೆಂದು ಗೂಗಲ್ ವರ್ಷಕ್ಕೊಮ್ಮೆ ಗಡುವು ಹಾಕುತ್ತದೆ. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್‌ಗಳೂ ಅಪ್‌ಡೇಟ್‌ಗಳೂ ಆಂಡ್ರಾಯ್ಡ್ 15ನ್ನು ಗುರಿಯಾಗಿಟ್ಟುಕೊಳ್ಳಬೇಕಾಯಿತು. ಇದಕ್ಕೆ ಶುಲ್ಕವಿಲ್ಲ, ನಾಲ್ಕೈದು ದಿನದ ದುಡಿಮೆ ಮಾತ್ರ. ಆ ದುಡಿಮೆಗೆ ಹಣ ಕೊಡುವವರು ಯಾರೆಂದು ಮೊದಲೇ ಮಾತಾಡದಿದ್ದರೆ ಅದು ನಿಮ್ಮ ಕೈಯಿಂದಲೇ ಹೋಗುತ್ತದೆ. ಹಾಗಾಗಿ ಆ್ಯಪ್ ಮಾಡಿಕೊಡುವ ಮೊತ್ತ ಬೇರೆ, ವರ್ಷದ ನಿರ್ವಹಣೆಯ ಮೊತ್ತ ಬೇರೆ ಎಂದು ಒಂದು ಹಾಳೆಯಲ್ಲಿ ಬರೆದು ತೋಟದವರ ಸಹಿ ಪಡೆಯಿರಿ. ಇದನ್ನು ಅಕ್ಟೋಬರ್ ಮುಗಿಯುವುದರೊಳಗೆ ಮಾಡಬೇಕು. ಕೊಯ್ಲು ಶುರುವಾಗಿ ಕಣದಲ್ಲಿ ಕಾಫಿ ಹರಡಿದ ಮೇಲೆ, ಮೋಡ ಕಟ್ಟಿತೇ ಎಂದು ಆಕಾಶ ನೋಡುತ್ತಿರುವ ಧಣಿಗಳಿಗೆ ಆ್ಯಪಿನ ಲೆಕ್ಕ ಕೇಳುವ ಪುರುಸೊತ್ತು ಫೆಬ್ರವರಿಯವರೆಗೆ ಇರುವುದಿಲ್ಲ.